ರುಕ್ಮಿಣಮ್ಮ ಮೆಟ್ಟಿಲು ಹತ್ತಿದರೆ ಪಾಠ ಶುರು

ಇನ್ನೂ ಬೆಳಕು ಹರಿದಿಲ್ಲ. ಅವಲಪಲ್ಲಿಯ ರುಕ್ಮಿಣಮ್ಮ ಹೊಸೂರಿನ ನರ್ಸಿಂಗ್ ಕಾಲೇಜೊಂದರ ನೆಲ ಒರೆಸಿ, ಬಕೆಟ್ ಮೂಲೆಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ಮೆಟ್ಟಿಲುಗಳನ್ನು ದಡಬಡನೆ ಹತ್ತಿ ಇಳಿಯುತ್ತಾರೆ. ಏದುಸಿರು ಬಿಡುತ್ತ ಬಂದು ಅಭ್ಯಾಸದ ಕೋಣೆಯ ಮಂಚದ ಮೇಲೆ ಮಲಗಿ ಕೈ ಚಾಚುತ್ತಾರೆ.

"ಹಿಡಿ ಮಗಾ. ಏನೈತೆ ಯೋಳು."

ಮೊದಲ ವರ್ಷದ ಹುಡುಗಿ ನಾಡಿ ಎಣಿಸಿ, "ಟ್ಯಾಕಿಕಾರ್ಡಿಯಾ" ಅನ್ನುತ್ತಾಳೆ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ ಈಕೆ.

"ಅದು ನಿಮ್ ಮೇಡಂಗಾಯ್ತು. ಈಗ ನಂಗೇಳು."

"ಎದೆ ಜೋರಾಗಿ ಹೊಡ್ಕೊಳ್ತೈತೆ ರುಕ್ಮಿಣಕ್ಕ."

ಆಗಷ್ಟೇ ಕೈ ವಾಪಸ್ಸು.

ಈ ಉಪಾಯ ಕಾಲೇಜಿನಲ್ಲಿ ಪಾಠ ಹೇಳುವ ಆದಿಲಕ್ಷ್ಮಿಯವರದು. ಹಳ್ಳಿಯ ಮಕ್ಕಳು ಕಷ್ಟಪಟ್ಟು ಉರು ಹೊಡೆದ ವೈದ್ಯಕೀಯ ಪದಗಳು ಪರೀಕ್ಷೆಯ ಹೊತ್ತಿಗೆ ಮಂಗಮಾಯ. "ಅಭ್ಯಾಸಕ್ಕಿಟ್ಟಿರೋ ಪ್ಲಾಸ್ಟಿಕ್ ಬೊಂಬೆಗೆ ದಮ್ಮು ಹತ್ತಲ್ಲ, ಬೆವರು ಬರಲ್ಲ. ಪದ ಮೊದ್ಲು ಕೈಗೆ ಸಿಗ್ಬೇಕು" ಎನ್ನುತ್ತಾರೆ ಅವರು. ಹಾಗಾಗಿ ರುಕ್ಮಿಣಮ್ಮ ರೋಗಿಯಾದರು. "ಮಲಗೋ ಕೆಲ್ಸ ಅಂದ್ರು, ಒಪ್ಕೊಂಡ್ಬುಟ್ಟೆ. ಮೆಟ್ಲು ಸಮಾಚಾರ ಆಮ್ಯಾಕೆ ಗೊತ್ತಾಯ್ತು" ಎಂದು ಮಂಡಿ ನೀವಿಕೊಂಡು ನಗುತ್ತಾರೆ.

ಹೋದ ವರ್ಷ ನಾಟ್ರಾಂಪಾಳ್ಯದ ಗಂಗಾದೇವಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಬಾಯಿ ಕಟ್ಟಿದಂತಾಗಿ ನಪಾಸಾದಳು. ಇನ್ನೊಂದು ಸಲ ಹೀಗಾದರೆ ಓದು ಬಿಟ್ಟು ಮನೆಗೆ ಬಾ ಎಂದು ಅಪ್ಪ ಕದಿರಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹುಡುಗಿ ಅತ್ತೂ ಅತ್ತೂ ಸೊರಗಿದ್ದಳು. ಅವಳಿಗೋಸ್ಕರ ರುಕ್ಮಿಣಮ್ಮ ರಜೆಯ ದಿನವೂ ಬಂದು ಮೆಟ್ಟಿಲು ಹತ್ತಿದರು. ಮರುಪರೀಕ್ಷೆಯ ದಿನ ಬಾಗಿಲಾಚೆ ಪೊರಕೆ ಹಿಡಿದು ನಿಂತದ್ದೇ ಬಂತು, ಗುಡಿಸಿದ್ದು ಅಷ್ಟಕ್ಕಷ್ಟೆ.

ಒಳಗೆ, ನಾಡಿ ವೇಗವಾಗಿ ಬಡಿಯುವುದಕ್ಕೆ ಏನನ್ನುತ್ತಾರೆ ಎಂದು ಪರೀಕ್ಷಕರು ಕೇಳಿದರು. ಗಂಗಾದೇವಿಯ ತಲೆ ಮತ್ತೆ ಖಾಲಿ. "ಏನೂ ತೋಚ್ದೆ ನನ್ ಮಣಿಕಟ್ಟು ನಾನೇ ಹಿಡ್ಕೊಂಡೆ. ಹೆದ್ರಿಕೇಗೆ ದಡದಡ ಅಂತಿತ್ತು, ಥೇಟ್ ರುಕ್ಮಿಣಕ್ಕನ ಕೈ. ಪದ ಬಂದ್ಬುಡ್ತು" ಎಂದು ಈಗ ಹೇಳುತ್ತಾಳೆ. ಒಂದು ಬಂದ ಮೇಲೆ ಉಳಿದವೂ ಒಂದೊಂದಾಗಿ ಬಂದವು.

ಪಾಸಾದ ಸುದ್ದಿ ಕೇಳಿದ ರುಕ್ಮಿಣಮ್ಮ ಅದೇ ಮೆಟ್ಟಿಲ ಮೇಲೆ ಕುಸಿದು ಕೂತರು. "ಸದ್ಯ, ಉಸ್ರು ಬಂತು ಕಣಮ್ಮಿ" ಎಂದು ಅವಳನ್ನು ತಬ್ಬಿಕೊಂಡು ಸಮಾಧಾನವಾಗುವಷ್ಟು ಅತ್ತರು. ಆವತ್ತು ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ತಿಂದರು.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ರುಕ್ಮಿಣಮ್ಮ ಗಂಗಾದೇವಿಯತ್ತ ಕೈ ತೋರಿಸುತ್ತಾರೆ.

"ಮುಂದೊಂದಿನ ನಾನು ನಿಜವಾಗ್ಲೂ ಕಾಯ್ಲೆ ಬಿದ್ರೆ, ಇವ್ಳೇ ಬಂದು ಕೈ ಹಿಡೀಲಿ. ಆವತ್ತು ನಾನು ಮೆಟ್ಲು ಹತ್ತಿಲ್ಲ ಅಂತ ಇವ್ಳಿಗೆ ಗೊತ್ತಾಗ್ತೈತೆ."