ಎಕ್ಕದ ಹಾಲು, ನನ್ನ ಎಡಗಣ್ಣು

ಎಕ್ಕದ ಹಾಲನ್ನು ನನ್ನ ಕಣ್ಣಿಗೆ ಯಾರೂ ಹಾಕಲಿಲ್ಲ. ನಾನೇ ಹಚ್ಚಿಕೊಂಡೆ, ಅದೂ ಅಭಿನಯ ಸಮೇತ.

ಎಕ್ಕ ಮರಳುಗಾಡಿನಲ್ಲೂ ಬದುಕುವ ಗಿಡ. ಮಹಾನಗರದ ಅಂಚಿನ ಘಣಸೋಲಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಖಾಲಿ ಪ್ಲಾಟಿನಲ್ಲಿ, ಒಡೆದ ಟೈಲ್ಸು, ಸಿಮೆಂಟಿನ ರಾಶಿಯ ಮೇಲೆ ಅದು ಯಾರಲ್ಲೂ ನೀರು ಕೇಳದೆ ಆಳೆತ್ತರ ಬೆಳೆದಿದೆ. ಪಕ್ಕದ ಹಳೆಯ ಊರಿನ ಆಡುಗಳು ಅಲ್ಲಿ ಮೇಯಲು ಬರುತ್ತವೆ. ರಟ್ಟು, ಬಾಡಿದ ಹಾರ, ಒಮ್ಮೆ ಯಾರೋ ಒಣಹಾಕಿದ್ದ ಬನಿಯನ್ ಕೂಡ ತಿಂದಿವೆ. ಎಕ್ಕವನ್ನು ಮಾತ್ರ ಮೂಸಿ ಮುಂದೆ ಹೋಗುತ್ತವೆ. ಹೆಚ್ಚು ತಿಂದರೆ ಜೀವಕ್ಕೇ ಅಪಾಯ ಎಂದು ಅವುಗಳಿಗೆ ಯಾರು ಹೇಳಿದರೋ.

ನಮ್ಮದು ಉಡುಪಿ ಕಡೆಯ ಮನೆತನ. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಬೇಕು. ಹಿಂದಿನ ಸಂಜೆ ಎಲೆ ಕೊಯ್ಯಲು ನಾನು, ನನ್ನನ್ನು ಕಾಯಲು ಅಜ್ಜಿ. "ಹಾಲು ಕಣ್ಣಿಗೆ ತಾಗಿಸ್ಬೇಡ ಮಾರಾಯ, ಕಣ್ಣೇ ಹೋದೀತು," ಎಂದರು. ಅವರಿಗೊಂದು ಅಭ್ಯಾಸ: ಯಾವ ಅನಾಹುತದ ಮಾತು ಬಂದರೂ, ಅದು ನಡೆದೇ ಹೋಯಿತೆಂಬಂತೆ ಕಣ್ಣೊರೆಸಿಕೊಳ್ಳುತ್ತಾರೆ.

ಇಂಥದ್ದನ್ನು ಬಿಡುವವನು ನಾನಲ್ಲ. ಸೊಸೈಟಿಯ ಸೆಕ್ರೆಟರಿಯಿಂದ ಹಿಡಿದು ದಿವಾ ಲೋಕಲ್ ರೈಲಿನಲ್ಲಿ ಸೀಟಿಗೆ ಜಗಳವಾಡುವವರವರೆಗೆ ಎಲ್ಲರನ್ನೂ ಅಣಕಿಸಿ ಹೆಸರು ಕೆಡಿಸಿಕೊಂಡವನು. ಬೆನ್ನು ಬಾಗಿಸಿ, ಸ್ವರ ನಡುಗಿಸಿ, "ಕಣ್ಣೇ ಹೋದೀತು ಮಾರಾಯ" ಎನ್ನುತ್ತ ಎಡಗಣ್ಣನ್ನು ಒರೆಸಿಕೊಂಡೆ. ಬೆರಳ ತುಂಬ ಹಾಲಿತ್ತು.

ಸ್ವಲ್ಪ ಉರಿಯಿತು. ಅಜ್ಜಿ ನನ್ನ ತಲೆಯನ್ನು ನಳ್ಳಿಯ ಕೆಳಗೆ ಒತ್ತಿ ಹಿಡಿದು ಕಣ್ಣು ತೊಳೆಸಿದರು. ಉರಿ ಹೋಯಿತು, ಬಚಾವಾದೆ ಎಂದುಕೊಂಡೆ. ಬೆಳಿಗ್ಗೆ ಆ ಕಣ್ಣಿಗೆ ಅಜ್ಜಿ, ಬಕೆಟ್ಟು, ಬಾಗಿಲು ಎಲ್ಲವೂ ಬಾತ್‌ರೂಮಿನ ಮಬ್ಬು ಗಾಜಿನಾಚೆ ನಿಂತಂತಿದ್ದವು.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಕಣ್ಣಿನ ಮೇಲ್ಪದರ ಊದಿದೆ ಎಂದರು. "ದಿಖೇಗಾ ನಾ, ಡಾಕ್ಟರ್?" ಕಣ್ಣು ಕಾಣುತ್ತದೆ ತಾನೇ ಎಂದು ಕೇಳಿದೆ, ಎಷ್ಟೋ ಕಾಲದ ಮೇಲೆ ನನ್ನದೇ ಸ್ವರದಲ್ಲಿ. "ದವಾ ಡಾಲೋ, ಫಿರ್ ದೇಖ್ತೇ ಹೈಂ," ಮೊದಲು ಔಷಧಿ ಬಿಡು, ಆಮೇಲೆ ನೋಡೋಣ ಎಂದರು. ಕಪ್ಪು ಕನ್ನಡಕ ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ಔಷಧಿಯ ಹನಿ ಬಿಟ್ಟುಕೊಳ್ಳುತ್ತ ಮನೆಯಲ್ಲಿ ಕುಳಿತೆ. ಮಬ್ಬು ದಿನದಿಂದ ದಿನಕ್ಕೆ ತೆಳುವಾಯಿತು. ಆ ಕಣ್ಣಿನಲ್ಲಿ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಲು ಬಂದ ದಿನ ಧೈರ್ಯವೂ ಮರಳಿತು. ತಪ್ಪನ್ನು ಹಂಚಲು ಹೊರಟೆ.

"ಅಜ್ಜೀ, ನೀವು ಕಣ್ಣೊರೆಸಿದ್ದಕ್ಕೇ ಅಲ್ವಾ ನಾನೂ ಒರೆಸಿದ್ದು? ಅರ್ಧ ಗಲ್ತಿ ನಿಮ್ದೇ."

ಬೀನ್ಸಿನ ನಾರು ತೆಗೆಯುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

"ನಾನು ಒರೆಸುದು ಸೆರಗಲ್ಲಿ. ಅಣಕಿಸುದಾದ್ರೆ ಸೀರೆ ಉಟ್ಕೊಂಡೇ ಅಣಕಿಸು."