ರಟ್ಟು ಮೇಷ್ಟ್ರ ತಿಂಗಳ ಪಟ್ಟಿ

ಶ್ರೀನಿವಾಸಪುರದಲ್ಲಿ ಮಾವಿನಮರಕ್ಕೂ ಮನುಷ್ಯನಿಗೂ ಒಂದೇ ಕಾನೂನು. ಒಂದು ಸಲ ಹೆಸರು ಬಿದ್ದರೆ ಬಿತ್ತು. ಯಾವನಿಗೋ ಹಲ್ಲು ಚುಳ್ಳೆಂದ ದಿನ ‘ಹುಳಿಮರ’ ಎಂದು ಕರೆದುಬಿಟ್ಟರೆ, ಮರುವರ್ಷ ಆ ಮರ ಜೇನು ಸುರಿಸಿದರೂ ಅದು ಹುಳಿಮರವೇ. ಆವಲಪ್ಪ ಮೇಷ್ಟ್ರಿಗೆ ಹೆಸರು ಬಿದ್ದದ್ದು ೧೯೩೮ರಲ್ಲಿ, ವಾಚನಾಲಯದ ವಾರ್ಷಿಕೋತ್ಸವದ ದಿನ, ಮಧ್ಯಾಹ್ನ ಮೂರು ಗಂಟೆಗೆ, ಇನ್ನೂರು ಜನರ ಎದುರಿಗೆ.

ಅಲ್ಲಿಯವರೆಗೆ ಅವರು ಬರಿಯ ಆವಲಪ್ಪ ಮೇಷ್ಟ್ರು. ಪ್ರೈಮರಿ ಸ್ಕೂಲಿನಿಂದ ನಿವೃತ್ತರಾಗಿ, ಊರಿನ ವಾಚನಾಲಯದ ಬೀಗದಕೈಯನ್ನು ಜನಿವಾರಕ್ಕಿಂತ ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಸಂಬಳವಿಲ್ಲದ ಕೆಲಸ, ಆದ್ದರಿಂದಲೇ ಗತ್ತು ಹೆಚ್ಚು. ಪ್ರತಿ ತಿಂಗಳ ಒಂದನೇ ತಾರೀಖು ಅವರು ಫುಲ್‌ಸ್ಕೇಪ್ ಹಾಳೆಯ ಮೇಲೆ ನೇರಳೆ ಶಾಯಿಯಲ್ಲಿ ‘ಕಳೆದ ತಿಂಗಳು ಓದಿದ ಗ್ರಂಥಗಳು’ ಎಂದು ಬರೆದು ವಾಚನಾಲಯದ ಬಾಗಿಲಿಗೆ ಅಂಟಿಸುವರು. ಯಾವುದನ್ನು ಓದಬೇಕು, ಯಾವುದನ್ನು ಮುಟ್ಟಬಾರದು ಎಂಬ ತೀರ್ಪು ಅದರಲ್ಲಿರುತ್ತಿತ್ತು. ‘ಜೇನುಸಾಕಣೆಯನ್ನು ಕುರಿತದ್ದು. ಶೈಲಿ ಲಲಿತ. ಅವಶ್ಯ ಓದತಕ್ಕದ್ದು.’ ‘ಪತ್ತೇದಾರಿ ಕಾದಂಬರಿ. ನಾಲ್ಕು ಕೊಲೆ, ಒಂದೂ ಅಗತ್ಯವಿರಲಿಲ್ಲ. ಗೃಹಸ್ಥರು ದೂರವಿರತಕ್ಕದ್ದು.’ ಹೀಗೆ ಹನ್ನೊಂದು ವರ್ಷ. ಊರಿನ ಬುದ್ಧಿ ತಮ್ಮ ಪಟ್ಟಿಯ ಮೇಲೆ ನಿಂತಿದೆ ಎಂದು ಮೇಷ್ಟ್ರ ನಂಬಿಕೆ. ಪಟ್ಟಿ ಅಂಟಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಅದನ್ನು ತಾವೇ ಒಂದು ಸಲ ಓದುವರು.

ಆಗಿನ ಪುಸ್ತಕಗಳೆಲ್ಲ ಅಂಚು ಕತ್ತರಿಸದೆ ಬರುತ್ತಿದ್ದವು. ಓದುವವನೇ ಚಾಕು ಹಿಡಿದು, ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಸೀಳಿಕೊಂಡು ಮುಂದೆ ಹೋಗಬೇಕು. ಎಲ್ಲಿಯವರೆಗೆ ಸೀಳಿದೆಯೋ ಅಲ್ಲಿಯವರೆಗೆ ಓದು; ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೇಷ್ಟ್ರ ಮಾನ ಹೋದದ್ದು ಈ ಸಾಕ್ಷಿಯಿಂದಲೇ.

ವಾಚನಾಲಯದ ಅಧ್ಯಕ್ಷರು ಶೇಕದಾರ್ ಮುನಿರಾಮಪ್ಪನವರು. ಹೋಬಳಿಯ ಕಂದಾಯವೆಲ್ಲ ಅವರ ಕೈಯಲ್ಲಿ, ನಸ್ಯದ ಡಬ್ಬಿ ಇನ್ನೊಂದು ಕೈಯಲ್ಲಿ. ಆ ದಿನ ಭಾಷಣಕ್ಕೆ ನಿಂತವರಿಗೆ ಸಭೆ ಆಕಳಿಸುವುದು ಕಾಣಿಸಿತು. ನಗಿಸಬೇಕೆನ್ನಿಸಿತು. ಪಕ್ಕದ ಮೇಜಿನಿಂದ ಒಂದು ಪುಸ್ತಕ ಎತ್ತಿ ತೋರಿಸಿದರು.

“ಮಹನೀಯರೇ, ಈ ಪುಸ್ತಕಾನ ನಮ್ಮ ಮೇಷ್ಟ್ರು ಆದ್ಯಂತ ಓದಿ ಆನಂದಿಸಿದೆ ಅಂತ ಹೋದ ತಿಂಗಳು ಬರೆದಿದಾರೆ. ಇಲ್ನೋಡಿ! ಮೂವತ್ತೆರಡನೇ ಪುಟದಿಂದಾಚೆ ಹಾಳೇನೇ ಸೀಳಿಲ್ಲ. ರಟ್ಟು ನೋಡಿ ಹೊಟ್ಟೇಲಿರೋದು ಹೇಳೋ ವಿದ್ಯೆ ನಮ್ಮ ಮೇಷ್ಟ್ರಿಗೆ ಸಿದ್ಧಿಸಿದೆ ಸ್ವಾಮೀ!”

ಸಭೆ ಘೊಳ್ಳೆಂದಿತು. ನಿಜವೇನೆಂದರೆ, ಮೂವತ್ತೆರಡು ಪುಟ ಇಲ್ಲಿ ಓದಿ, ಅಷ್ಟರಲ್ಲಿ ಕೋಲಾರಕ್ಕೆ ಭಾವಮೈದುನನ ಮನೆಗೆ ಹೋಗಬೇಕಾಗಿ ಬಂದು, ಅಲ್ಲಿದ್ದ ಇನ್ನೊಂದು ಪ್ರತಿಯಲ್ಲಿ ಮಿಕ್ಕದ್ದನ್ನು ಮೇಷ್ಟ್ರು ಕೊನೆಯ ಅಕ್ಷರದವರೆಗೆ ಓದಿದ್ದರು. ಅದನ್ನು ಹೇಳಲು ಎದ್ದು ನಿಂತು “ಕೋಲಾರದಲ್ಲಿ...” ಎಂದರು. ಅಷ್ಟಕ್ಕೇ ಹಾರ್ಮೋನಿಯಂ ಶುರುವಾಯಿತು.

ಮಾರನೆಯ ದಿನ ದರ್ಜಿ ಎಲ್ಲಪ್ಪ ಅಂಗಡಿಯಿಂದಲೇ ಕೂಗಿದ: “ಏಂ ರಟ್ಟು ಮೇಷ್ಟ್ರೇ, ಕೋಟಿಗೆ ಮೇಲ್ಗಡೆ ಮಾತ್ರ ಬಟ್ಟೆ ಹಾಕ್ಲಾ? ಒಳಗಡೆ ಲೈನಿಂಗು ಯಾರ್ ನೋಡ್ತಾರೆ ಬುಡಿ!”

ವಾರದೊಳಗೆ ಸಂತೆಗೆ ಬಂದವರಿಗೂ ಗೊತ್ತಾಯಿತು. ಮೇಷ್ಟ್ರು ಅಂದೇ ತೀರ್ಮಾನಿಸಿದರು. ಈ ಹೆಸರು ತಮ್ಮ ಮೇಲಿಂದ ಇಳಿಯಬೇಕು. ಇಳಿಯುವ ಮುಂಚೆ ಮುನಿರಾಮಪ್ಪನ ಮಾನ ಅದಕ್ಕಿಂತ ಕೆಳಗೆ ಇಳಿದಿರಬೇಕು. ಮೇಷ್ಟ್ರಿಗೆ ಬೇಸಗೆ ರಜವುಂಟು, ದಸರಾ ರಜವುಂಟು. ಮೇಷ್ಟ್ರ ಹಗೆಗೆ ಮಾತ್ರ ರಜವಿಲ್ಲ. ಪೂಜೆಗೆ ಕೂತರೂ ಗಂಟೆ ಅಲ್ಲಾಡಿಸುವ ಕೈಯಲ್ಲಿ ಶೇಕದಾರರ ಕಿವಿ ಇದ್ದಂತೆ ಭಾವಿಸಿಕೊಳ್ಳುವರು. ಆ ವರ್ಷ ಅವರ ಮನೆಯ ಗಂಟೆಯ ನಾಲಗೆ ಎರಡು ಸಲ ಕಳಚಿ ಬಿತ್ತು.

ಎರಡು ವರ್ಷ ಕಾದರು. ದೇವರು ಕೊಡುವಾಗ ಅಚ್ಚು ಹಾಕಿಸಿಯೇ ಕೊಟ್ಟ. ೧೯೪೦ರಲ್ಲಿ ಮುನಿರಾಮಪ್ಪನವರು ಬೆಂಗಳೂರಿನಲ್ಲಿ ಮುದ್ರಿಸಿ ಒಂದು ಪುಸ್ತಕ ತಂದರು. ಹೆಸರು ‘ಮುನಿರಾಮ ನೀತಿ ತ್ರಿಶತಿ’. ಮುನ್ನೂರು ಪದ್ಯ, ಮುನ್ನೂರರ ಕೊನೆಯಲ್ಲೂ ಕವಿಯ ಹೆಸರು. ವಾಚನಾಲಯಕ್ಕೆ ಹತ್ತು ಪ್ರತಿ ದಾನ. ಮೇಷ್ಟ್ರು ಮನೆಗೆ ಒಂದು ಒಯ್ದು, ಕುರಿ ಸುಲಿಯುವವನಂತೆ ಹಾಳೆ ಸೀಳುತ್ತ, ಮೂರು ದಿನ ಓದಿದರು. ಒಂದೊಂದು ಕೆಟ್ಟ ಪದ್ಯ ಸಿಕ್ಕಾಗಲೂ ಬೆಲ್ಲ ಸಿಕ್ಕಂತೆ ಚಪ್ಪರಿಸಿದರು.

“ಏನ್ರೀ ಅಷ್ಟೊಂದು ಚೆನ್ನಾಗಿದ್ಯಾ?” ಎಂದರು ಹೆಂಡತಿ ಶ್ಯಾಮಲಮ್ಮ.

“ದರಿದ್ರವಾಗಿದೆ ಕಣೇ! ಕೇಳು: ‘ಹಸುವಿಗೆ ನಾಲ್ಕು ಕಾಲು, ಮಂಚಕ್ಕೂ ನಾಲ್ಕೇ ಕಾಲು, ಹಾಲು ಕೊಡುವುದು ಮಾತ್ರ ಹಸುವೇ, ಮುನಿರಾಮ.’ ಸಿಕ್ಕಿಬಿದ್ದ!”

ಒಂದನೇ ತಾರೀಖಿನ ಪಟ್ಟಿಯಲ್ಲಿ ಬೇರೆ ಪುಸ್ತಕಗಳಿಗೆ ಒಂದೊಂದೇ ಸಾಲು. ತ್ರಿಶತಿಗೆ ಒಂದೂವರೆ ಪುಟ. ‘ಈ ಗ್ರಂಥದಲ್ಲಿ ನೀತಿಯೂ ಇಲ್ಲ, ಪದ್ಯವೂ ಇಲ್ಲ, ಮುನ್ನೂರು ಎಂಬ ಲೆಕ್ಕವೊಂದು ಮಾತ್ರ ಸರಿಯಿದೆ. ಕವಿಗಳು ಪ್ರತಿ ಪದ್ಯಕ್ಕೂ ರುಜು ಹಾಕಿರುವುದು, ಬೇರೆ ಯಾರೂ ಇದರ ಹೊಣೆ ಹೊರಲಾರರೆಂಬ ಅರಿವಿನಿಂದಿರಬೇಕು. ಹಸು–ಮಂಚ ಪದ್ಯವನ್ನಂತೂ ಯಾರೂ ಓದಕೂಡದು.’ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಮೇಷ್ಟ್ರು ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡರು.

ಸಂಜೆಯೊಳಗೆ ಹತ್ತು ಪ್ರತಿಯೂ ಹೊರಟುಹೋದವು.

ವಾರದ ಹೊತ್ತಿಗೆ ಊರಿಗೆ ಊರೇ ತ್ರಿಶತಿ ಓದುತ್ತಿತ್ತು. ಎಲ್ಲಪ್ಪ ಅಳತೆ ಹಿಡಿಯುತ್ತ “ಹಸುವಿಗೆ ನಾಲ್ಕು ಕಾಲು, ಷರಾಯಿಗೆ ಎರಡೇ ಕಾಲು, ಮುನಿರಾಮಾ” ಎಂದು ರಾಗ ಎಳೆದ. ಬಾವಿಕಟ್ಟೆಯಲ್ಲಿ ಹೆಂಗಸರು, ಬಸ್ಸಿಗೆ ಕಾದವರು, ಕಲ್ಲು ಒಡೆಯುವವರು, ಎಲ್ಲರ ಬಾಯಲ್ಲೂ ಮುನಿರಾಮ. ಶೇಕದಾರರು ಹಳ್ಳಿಗೆ ಹೋದರೆ ರೈತರು ಕಂದಾಯದ ಮಾತು ಬಿಟ್ಟು ಪದ್ಯ ಹೇಳಿಸಿಕೊಂಡು ನಗುವರು. ಆ ನಗುವನ್ನು ಅವರು ರಸಾಸ್ವಾದವೆಂದು ತಿಳಿದರು. ಮೇಷ್ಟ್ರ ಒಂದೂವರೆ ಪುಟವನ್ನು ಓದಿದರೂ ಮುಖ ಕೆಡಲಿಲ್ಲ. “ಪಾಪ, ಓದಿದಾರಲ್ಲ!” ಎಂದರು. ಮತ್ತೆ ನೂರು ಪದ್ಯ ಸೇರಿಸಿ, ‘ಚತುಃಶತಿ’ ಮಾಡಿ, ಮಹಾಜನರ ಬೇಡಿಕೆಯ ಮೇರೆಗೆ ಐನೂರು ಪ್ರತಿ ಹಾಕಿಸುವುದಾಗಿ ಸಾರಿದರು.

ಮೇಷ್ಟ್ರಿಗೆ ಜ್ವರ ಬಂದಂತಾಯಿತು. ಶ್ಯಾಮಲಮ್ಮ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

“ಬೈದಿದ್ದು ಸಾಲ್ದೇನೋ ಕಣೇ. ಈ ಜನಕ್ಕೆ ಓದೋಕೇ ಬರಲ್ಲ.”

“ಬರುತ್ತೆ. ನೀವು ಬೇಡ ಅಂದಿದ್ದನ್ನೇ ಓದ್ತಾರೆ.”

“ಅಂದ್ರೆ?”

“ಅಯ್ಯೋ ರಾಮಾ, ಹದಿಮೂರು ವರ್ಷದಿಂದ ಇಡೀ ಊರಿಗೆ ಗೊತ್ತಿರೋ ವಿಷ್ಯ! ನೀವು ಚೆನ್ನಾಗಿದೆ ಅಂದ್ರೆ ನಿದ್ದೆ ಬರೋ ಪುಸ್ತಕ. ಮುಟ್ಟಬೇಡಿ ಅಂದ್ರೆ ಕೈಗೆ ಸಿಗೋದೇ ಕಷ್ಟ. ನಾಲ್ಕು ಕೊಲೇದು ನಾನೂ ಓದ್ದೆ, ಪಕ್ಕದ ಬೀದಿ ಭಾರತಮ್ಮನ ಮನೇಲಿ ಕೂತು. ಒಂದೊಂದು ಕೊಲೇನೂ ಬೇಕಾಗಿತ್ತು ಕಣ್ರೀ.”

ಮೇಷ್ಟ್ರು ಮೆಟ್ಟು ಮೆಟ್ಟಿಕೊಳ್ಳದೆ ವಾಚನಾಲಯಕ್ಕೆ ನಡೆದರು. ಎರವಲು ರಿಜಿಸ್ಟರು ತೆಗೆದರು. ನಿಜ. ಬೈದ ಪುಸ್ತಕಗಳ ಮುಂದೆ ರುಜುಗಳು ಇರುವೆ ಸಾಲಿನಂತೆ ಹೋಗಿದ್ದವು. ಹೊಗಳಿದವುಗಳ ಮುಂದೆ ಒಬ್ಬನ ಹೆಸರೂ ಇಲ್ಲ. ಜೇನುಸಾಕಣೆಯನ್ನು ಬೀರುವಿನಿಂದ ಎಳೆದು, ಧೂಳು ಊದಿ ತೆರೆದರು. ಧೂಳಿನ ಜೊತೆ ಒಂದು ಸೀನು ಬಂತು. ಮೂರನೇ ಪುಟದ ಮೂಲೆಯಲ್ಲಿ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು. ಹತ್ತರಲ್ಲಿ, ನೂರರಲ್ಲಿ, ಕೊನೆಯ ಪುಟದಲ್ಲೂ. ಮೂಸಿದರು. ನಸ್ಯ! ಇನ್ನೊಂದು ಪುಸ್ತಕ ತೆಗೆದರು, ಅದರಲ್ಲೂ ನಸ್ಯ. ಹೊಗಳಿದ ಪುಸ್ತಕಗಳಲ್ಲೆಲ್ಲ ಮೊದಲಿನಿಂದ ಕೊನೆಯವರೆಗೆ ಅದೇ ಹೆಬ್ಬೆಟ್ಟು. ಅಧ್ಯಕ್ಷರು ಪುಸ್ತಕ ಒಯ್ಯುವಾಗ ರುಜು ಹಾಕುವುದುಂಟೆ? ಆದ್ದರಿಂದ ರಿಜಿಸ್ಟರಿಗೆ ಗೊತ್ತಿಲ್ಲ.

ಶ್ರೀನಿವಾಸಪುರದಲ್ಲಿ ಆವಲಪ್ಪ ಮೇಷ್ಟ್ರ ಮಾತು ಕೇಳಿ ಓದಿದವನು ಒಬ್ಬನೇ ಒಬ್ಬ. ಆ ಒಬ್ಬ ಮುನಿರಾಮಪ್ಪ.

ಮೇಷ್ಟ್ರ ಎದೆ ಒಂದು ಗಳಿಗೆ ತುಪ್ಪದಂತೆ ಕರಗಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕಣ್ಣಲ್ಲಿ ನೀರೂ ಬರುತ್ತಿತ್ತೇನೋ. ಅಷ್ಟರಲ್ಲಿ ಕಿಟಕಿಯಾಚೆ ಎಲ್ಲಪ್ಪ ಯಾರಿಗೋ ದಾರಿ ತೋರಿಸುತ್ತಿದ್ದ: “ವಾಚನಾಲಯಾನಾ? ಅದೋ, ರಟ್ಟು ಮೇಷ್ಟ್ರು ಕೂತಿದಾರಲ್ಲ, ಅದೇ.” ಕರಗಿದ ತುಪ್ಪ ಮತ್ತೆ ಹೆಪ್ಪುಗಟ್ಟಿತು. ಮೇಷ್ಟ್ರು ಪೆನ್ನಿಗೆ ಶಾಯಿ ತುಂಬಿದರು. ಈ ಸಲ ಹೊಗಳಲು.

ಚತುಃಶತಿ ಅಚ್ಚಿನಲ್ಲಿದ್ದಾಗಲೇ, ಹಸ್ತಪ್ರತಿ ಕೇಳಿ ತರಿಸಿಕೊಂಡು ಓದಿ, ಪಟ್ಟಿಯಲ್ಲಿ ಬರೆದರು: ‘ಪರಿಷ್ಕೃತವಾದ ಈ ಕೃತಿ ಗಂಭೀರವೂ ಬೋಧಪ್ರದವೂ ಆಗಿದೆ. ನಗುವಿಗೆ ಇದರಲ್ಲಿ ಆಸ್ಪದವೇ ಇಲ್ಲ. ಪ್ರತಿಯೊಬ್ಬರೂ ಕಂಠಪಾಠ ಮಾಡತಕ್ಕದ್ದು. ಶಾಲೆಗಳಲ್ಲಿ ಪರೀಕ್ಷೆಗೆ ಇಡಲು ಯೋಗ್ಯ.’ ‘ಪರೀಕ್ಷೆ’ ಎಂಬ ಮಾತನ್ನು ಬರೆಯುವಾಗ ಅವರ ಮೀಸೆಯೂ ನಕ್ಕಿತು.

ಶೇಕದಾರರು ಓಡಿಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಮೇಷ್ಟ್ರೇ, ನಿಮ್ಮ ಬಾಯಿಂದ ಈ ಮಾತು! ಇದನ್ನ ಪುಸ್ತಕದ ಮೇಲೇ ಹಾಕಿಸ್ತೀನಿ.”

“ತಮ್ಮಿಷ್ಟ,” ಎಂದರು ಮೇಷ್ಟ್ರು.

ಐನೂರು ಪ್ರತಿ ಬಂದವು. ಐನೂರರ ರಟ್ಟಿನ ಮೇಲೂ ಆವಲಪ್ಪ ಮೇಷ್ಟ್ರ ಹೊಗಳಿಕೆ, ಹೆಸರಿನ ಸಮೇತ. ಊರಿನವರು ರಟ್ಟು ಓದಿದರು, ಅಲ್ಲಿಗೇ ನಿಲ್ಲಿಸಿದರು. ವಾಚನಾಲಯದ ಪ್ರತಿಗೆ ಚಾಕು ತಾಗಲಿಲ್ಲ. ಎಲ್ಲಪ್ಪನ ಕೈಗೆ ಕವಿಗಳೇ ಒಂದು ಪ್ರತಿ ಕೊಟ್ಟರೆ, ಅವನು ಅದನ್ನು ಹೊಲಿಗೆ ಮೆಷೀನಿನ ಕುಂಟುವ ಕಾಲಿಗೆ ಆಸರೆಯಾಗಿ ಕೊಟ್ಟ. ಬಾವಿಕಟ್ಟೆಯಲ್ಲಿ ಮುನಿರಾಮನ ಹೆಸರು ನಿಂತುಹೋಯಿತು. ರೈತರು ಮತ್ತೆ ಕಂದಾಯದ ಮಾತಾಡತೊಡಗಿದರು. ನಾನೂರ ಎಂಬತ್ತು ಪ್ರತಿಗಳು ಶೇಕದಾರರ ನಡುಮನೆಯಲ್ಲಿ ಗೋಡೆಯಾಗಿ ನಿಂತವು. ಮೇಷ್ಟ್ರು ದಿನವೂ ಸುತ್ತು ಹಾಕಿಕೊಂಡು ಆ ಮನೆಯ ಮುಂದೆ ಹೋಗಿ, ಬಾಗಿಲಿಂದ ಗೋಡೆಯ ಎತ್ತರ ನೋಡಿಕೊಂಡು ಬರುವರು. ಒಂದಿಂಚೂ ಇಳಿದಿರುತ್ತಿರಲಿಲ್ಲ.

ಇನ್ನು ಹೆಸರೊಂದು ಇಳಿಯಬೇಕಾಗಿತ್ತು. ಅದಕ್ಕೂ ದಿನ ಬಂತು. ಮುಂದಿನ ವಾರ್ಷಿಕೋತ್ಸವದಲ್ಲಿ ಶೇಕದಾರರು ಮೇಷ್ಟ್ರಿಗೆ ಹಾರ ಹಾಕಿ, ಗಂಟಲು ಸರಿಮಾಡಿಕೊಂಡರು. “ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಒಂದು ತಪ್ಪು ಮಾತಾಡ್ದೆ. ನನ್ನ ಪುಸ್ತಕಾನ ಎರಡೆರಡು ಸಲ ಓದಿದ ಮಹಾನುಭಾವರು ಇವರು. ಇವತ್ತಿಂದ ಇವರನ್ನ ಯಾರೂ ರಟ್ಟು ಮೇಷ್ಟ್ರು ಅನ್ನಕೂಡದು!”

ಸಭೆಯಲ್ಲಿ ಅಂದು ಮುಳಬಾಗಿಲು, ಮಾಲೂರಿನಿಂದ ಬಂದ ಅತಿಥಿಗಳೂ ಇದ್ದರು. ಅವರಿಗೆ ಆ ಹೆಸರು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿದ್ದ ಊರಿನವರು ಬೇರೆ ಲೆಕ್ಕ ಹಾಕಿದರು. ಎಲ್ಲಪ್ಪ ಎದ್ದುನಿಂತೇ ಕೇಳಿದ: “ಸ್ವಾಮೀ, ತ್ರಿಶತಿ ಓದಿದಾಗ ಬೈದ್ರು, ಸರಿ. ಅದಕ್ಕೇ ಇನ್ನೂ ನೂರು ಸೇರಿಸಿದ್ರೆ ಹೊಗಳಿದಾರೆ ಅಂದ್ಮೇಲೆ, ಇದನ್ನ ಓದೇ ಇಲ್ಲ ಅಂತ ತಾನೇ ಅರ್ಥ?”

ಚಪ್ಪಾಳೆ ಬಿತ್ತು. ಮೇಷ್ಟ್ರು ಹಾರ ಹಾಕಿಕೊಂಡೇ ಎದ್ದು ನಿಂತರು. ನಿಜ ಹೇಳಿದರೆ ಹೆಸರು ಇಳಿಯುತ್ತದೆ: ಓದಿದ್ದೇನೆ, ದರಿದ್ರವಾಗಿದೆ, ಬೇಕೆಂದೇ ಹೊಗಳಿದೆ ಎನ್ನಬೇಕು. ಆದರೆ ಹೇಳಿದ ಸಂಜೆಗೇ ನಡುಮನೆಯ ಗೋಡೆ ಕರಗಿ ಊರು ತುಂಬ ಹಂಚಿಹೋಗುತ್ತದೆ. ತಮ್ಮ ಮಾನವೋ, ಅವನ ಗೋಡೆಯೋ? ಮೇಷ್ಟ್ರು ಒಮ್ಮೆ ಶೇಕದಾರರ ಸಂತುಷ್ಟ ಮುಖ ನೋಡಿದರು. ಕೈ ಮುಗಿದು, ಕೂತುಬಿಟ್ಟರು. ಹಾರ್ಮೋನಿಯಂ ಶುರುವಾಯಿತು.

ಆಮೇಲೆ ಅವರು ಸಾಯುವವರೆಗೂ ಮೂರು ತಾಲ್ಲೂಕಿಗೂ ರಟ್ಟು ಮೇಷ್ಟ್ರೇ. ಆದರೆ ಮೇಷ್ಟ್ರು ಸೋತರೆಂದು ತಿಳಿಯಬೇಡಿ. ಮಾರನೆಯ ತಿಂಗಳಿನಿಂದ ಅವರ ಪಟ್ಟಿ ತಿರುವುಮುರುವಾಯಿತು. ಮನಸ್ಸಿಗೆ ಹಿಡಿದ ಒಳ್ಳೆಯ ಪುಸ್ತಕವನ್ನೆಲ್ಲ ಬಾಯಿಗೆ ಬಂದಂತೆ ಬೈದರು. ಊರು ಮುಗಿಬಿದ್ದು ಓದಿತು. ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗದಿದ್ದಾಗಲೂ ಬೀದಿ ಜಗಲಿಯಲ್ಲಿ ಬಿಸಿಲು ಇರುವಷ್ಟು ಹೊತ್ತು ಜನ ಓದುತ್ತಿದ್ದರು. ಕಸವನ್ನೆಲ್ಲ ಮೇಷ್ಟ್ರು ಮನಸಾರೆ ಹೊಗಳಿದರು. ಅದನ್ನು ಯಾರೂ ಮುಟ್ಟಲಿಲ್ಲ.

ಒಬ್ಬರ ಹೊರತು. ಮುನಿರಾಮಪ್ಪನವರಿಗೆ ಮುಳಬಾಗಿಲಿಗೆ ವರ್ಗವಾಗಿತ್ತು. ಹೊರಡುವಾಗ ಅವರು ಕೇಳಿಕೊಂಡದ್ದು ಒಂದೇ: “ಪಟ್ಟಿ ಮಾತ್ರ ನಿಲ್ಲಿಸಬೇಡಿ ಮೇಷ್ಟ್ರೇ. ನಿಮ್ಮ ಮಾತಿಲ್ದೆ ನಂಗೆ ಏನು ಓದೋಕೂ ಧೈರ್ಯ ಬರಲ್ಲ.” ಮೇಷ್ಟ್ರು ತಪ್ಪದೆ ತಿಂಗಳಿಗೊಂದು ಕಾರ್ಡು ಹಾಕಿದರು. ಮುಳಬಾಗಿಲಿನ ವಾಚನಾಲಯದಲ್ಲಿ ಯಾರೂ ಸೀಳದ ಪುಸ್ತಕಗಳು ಎಷ್ಟಿದ್ದವೋ ಅಷ್ಟನ್ನೂ ಶೇಕದಾರರು ಒಬ್ಬರೇ, ನಸ್ಯ ಏರಿಸಿಕೊಂಡು, ಕೊನೆಯವರೆಗೆ ಸೀಳಿದರು.

೧೯೪೪ರ ಶ್ರಾವಣದಲ್ಲಿ ಅವರಿಂದ ಒಂದು ಉತ್ತರ ಬಂತು. ಶ್ಯಾಮಲಮ್ಮ ಓದಿ ಹೇಳಿದರು: “‘ತಾವು ಸೂಚಿಸಿದ ಗ್ರಂಥವನ್ನು ಆದ್ಯಂತ ಓದಿದೆ. ನಾಲ್ಕು ವಾರ ಹಿಡಿಯಿತು. ಸ್ವಲ್ಪ ಬೇಸರವಾಯಿತು. ನನ್ನ ಬುದ್ಧಿ ಸಾಲದೆಂದು ತೋರುತ್ತದೆ. ಮುಂದಿನದನ್ನು ದಯವಿಟ್ಟು ತಿಳಿಸಿ.’ ಪಾಪ ಕಣ್ರೀ! ಸಾಕು ಬಿಡಿ, ಒಂದ್ ಒಳ್ಳೇ ಪುಸ್ತಕ ಹೇಳಿ.”

ಮೇಷ್ಟ್ರು ಕಾರ್ಡಿನ ಮೂಲೆಯಲ್ಲಿದ್ದ ನಸ್ಯದ ಹೆಬ್ಬೆಟ್ಟನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು, ಬೀರುವಿನ ಕೆಳಗಿನ ಅರೆಯಿಂದ, ಎರಡೂ ಕೈಯಲ್ಲಿ ಹಿಡಿಯಬೇಕಾದಂಥ ಒಂದು ಪುಸ್ತಕ ಎತ್ತಿ ತಂದು ಮೇಜಿನ ಮೇಲೆ ಇಳಿಸಿದರು. ಆರು ನೂರ ನಲವತ್ತು ಪುಟ, ಸಣ್ಣಕ್ಷರ, ಚಿತ್ರವಿಲ್ಲ. ಮೊದಲ ಹಾಳೆ ಸೀಳಿ, ಹೊಗಳಬೇಕಾದರೆ ಪೂರ್ತಿ ಓದಲೇಬೇಕಲ್ಲ ಎಂದು ನಿಟ್ಟುಸಿರು ಬಿಟ್ಟು, ಓದತೊಡಗಿದರು.