ಹುಳು ಹಣ್ಣಾದ ದಿನ ಬಂದ ಮೇಡಂ

ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತಿತ್ತು. ಸುಳ್ಳೇನಲ್ಲ. ಆದರೆ ಆ ಬಾಯಿಂದಲೇ ಮಗಳ ಕಾಲೇಜು ಕೈತಪ್ಪುವುದರಲ್ಲಿತ್ತು.

ಇಸವಿ ಎಪ್ಪತ್ತರ ಆಸುಪಾಸು. ಮಗಳು ಕೊಳ್ಳೇಗಾಲದ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಓಟದಲ್ಲಿ ಅವಳನ್ನು ಹಿಡಿಯುವವರು ಯಳಂದೂರಿನ ತನಕ ಹುಡುಕಿದರೂ ಇರಲಿಲ್ಲ. ಓಡುವ ಹುಡುಗಿಯರಿಗೆ ಮೈಸೂರಿನ ಒಂದು ಕಾಲೇಜು ಹಾಸ್ಟೆಲ್ ಸಮೇತ ಸೀಟು ಕೊಡುತ್ತದೆ, ಅಲ್ಲಿಂದ ಯಾರೋ ನೋಡಲು ಬರುತ್ತಾರೆ ಎಂದು ಡ್ರಿಲ್ ಮೇಷ್ಟ್ರು ಹೇಳಿ ಕಳಿಸಿದ್ದರು. ಸೀಟು ಸಿಕ್ಕರೆ ಕಳಿಸೋಣ ಎಂದು ನಮ್ಮ ಯಜಮಾನರು ಒಪ್ಪಿದ್ದರು. ಸಿಗದಿದ್ದರೆ ಹನೂರಿನ ನನ್ನ ನಾದಿನಿಯ ಮಗನಿಗೆ ಧಾರೆ ಎಂದು ಅತ್ತೆ ತೀರ್ಮಾನಿಸಿದ್ದರು. ಹುಡುಗ ಕೆಟ್ಟವನಲ್ಲ. ಆದರೆ ಹುಡುಗಿಗೆ ಹದಿನಾರು, ನನಗೆ ಅದು ಬೇಡವಾಗಿತ್ತು.

ಆ ಶನಿವಾರ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿದ್ದವು. ಮೈ ಹಳದಿಗೆ ತಿರುಗಿದವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಹೊರಗಿನವರನ್ನು ಹೊಸಿಲು ದಾಟಿಸುವುದಿಲ್ಲ. ಹೂವು, ಪೌಡರು, ನಶ್ಯದ ವಾಸನೆ ಸೋಕಿದರೆ ಹುಳು ಕೆಟ್ಟವೆಂದೇ ಲೆಕ್ಕ. ಇಂಥದರಲ್ಲಿ ತಲೆತುಂಬ ಮಲ್ಲಿಗೆ ಮುಡಿದ ಹೆಂಗಸೊಬ್ಬಳು ಕೈಚೀಲ ಹಿಡಿದು ನೇರ ಬಾಗಿಲಿಗೇ ಬಂದಳು. ಮೈಸೂರಿನಿಂದ ಬರುವವರು ಪ್ಯಾಂಟು ತೊಟ್ಟ ಗಂಡಸು ಎಂದೇ ನಾನು ಎಣಿಸಿದ್ದೆ.

“ಅಲ್ಲೇ ನಿಂತ್ಕ! ಉಳ ಅಣ್ಣಾಗವೆ, ಊವ ಮುಡ್ಕಂಡು ಬತ್ತಿಯಲ್ಲ, ಗ್ಯಾನ ಬ್ಯಾಡ್ವಾ? ಓಗವ್ವ ಅತ್ತಗೆ!” ಎಂದು ಬಾಯಿ ಮಾಡಿ ಕದ ಹಾಕಿಕೊಂಡೆ. ಅವಳು ಏನೋ ಹೇಳಹೊರಟಿದ್ದಳು. ಕೇಳುವ ವ್ಯವಧಾನ ಯಾರಿಗಿತ್ತು?

ಸ್ವಲ್ಪ ಹೊತ್ತಿಗೆ ಮಗಳು ಸ್ಕೂಲಿನಿಂದ ಬಂದಳು. “ಅವ್ವ, ಮೈಸೂರು ಮೇಡಂ ಬಂದಿದ್ರಾ? ಮಲ್ಗೆ ಮುಡ್ದಿದ್ರು. ಬೆಳಗ್ಗೆ ನನ್ನ ಓಡ್ಸಿ ನೋಡುದ್ರು. ಏನೂ ಏಳ್ನಿಲ್ಲ, ಮನೇವ್ರ ಜೊತೆ ಮಾತಾಡ್ಬೇಕು ಅಂದ್ರು.”

ಬೈದು ಅಟ್ಟಿದ್ದನ್ನು ಹೇಳಿದೆ. ತಾನೇ ಓಡಿಹೋಗಿ ಕರೆತರುತ್ತೇನೆ ಎಂದು ಅವಳು ಹೊರಟಳು. “ನೀ ಉಳ ಆರ್ಸು, ಬೈದೋಳು ನಾನು” ಎಂದು ಸೀರೆ ಎತ್ತಿಕಟ್ಟಿ, ಗದ್ದೆಯ ಬದು ಹಿಡಿದು ಓಟ ಕಿತ್ತೆ.

ಬಸ್ಸು ನಿಲ್ಲುವ ಮರದ ಕೆಳಗೆ ಮೇಡಂ ಕೂತಿದ್ದರು. ಮಲ್ಲಿಗೆ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟಿದ್ದರು. “ತಪ್ಪಾಯ್ತು ಕಣ್ರವ್ವಾ…” ಎಂದು ನಾನು ಏದುಸಿರು ಬಿಡುವಷ್ಟರಲ್ಲಿ ಅವರೇ ನಕ್ಕರು. “ನಮ್ಮ ತಾಯಿ ಮನೇಲೂ ಹುಳ ಸಾಕ್ತಾರೆ. ಹೂ ಮುಡಿದು ಬಂದದ್ದು ನನ್ನದೇ ತಪ್ಪು. ನಿಮ್ಮ ಮಗಳ ಸೀಟು ಬೆಳಗ್ಗೆನೇ ಗಟ್ಟಿಯಾಯ್ತು. ತಂದೆಯದೋ ತಾಯಿಯದೋ ಒಂದು ರುಜು ಬೇಕಿತ್ತು, ಅಷ್ಟೇ.”

ಅಲ್ಲೇ ಅವರ ಪಕ್ಕ ನೆಲದ ಮೇಲೆ ಕೂತೆ. ಹೆರಿಗೆಯಾದ ಗಳಿಗೆಯಲ್ಲೂ ಅಷ್ಟು ಹಗುರಾಗಿರಲಿಲ್ಲ. ಹುಳು ಮೇಯುವ ಹಿಪ್ಪುನೇರಳೆ ಸೊಪ್ಪಿನ ಕರೆ ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿದೆ.

ಫಾರಮ್ಮು ಮಡಚುತ್ತ ಅವರು ಕೇಳಿದರು: “ದೂರದಿಂದ ನೋಡ್ತಾ ಇದ್ದೆ. ನೀವೂ ಸ್ಕೂಲಲ್ಲಿ ಓಡ್ತಿದ್ರಾ?”

“ಎಲ್ಲೀ ಓಟ? ಸೊಪ್ಪು ಬಾಡಾದ್ರೊಳಗೆ ಮನೆ ಸೇರ್ಬೇಕಲ್ಲ, ಅದ್ಕೆ ಈ ಬದು ಮ್ಯಾಲೆ ದಿನಾ ಓಡಾದು.”

“ಮಗಳಿಗಿಂತ ನಿಮ್ಮ ಹೆಜ್ಜೆ ಉದ್ದ” ಎಂದರು.

ಬಸ್ಸು ಹೋಯಿತು. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಿದರೆ ನಕ್ಕಾರು. ಚಂದ್ರಿಕೆಗೆ ಬಿಡಬೇಕಾದ ಹುಳು ಇನ್ನೂ ತಟ್ಟೆ ತಟ್ಟೆ ಕಾದಿದ್ದವು. ಆದರೂ ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಆ ಬದುವಿನ ಮೇಲೆ ಓಡದೆ ನಿಧಾನವಾಗಿ ನಡೆದು ಮನೆಗೆ ಹೋದೆ.